ನೂರಕ್ಕೆ ಇಪ್ಪತ್ತೆರಡು

೧೧ ಜೂನ್ ೨೦೦೩, ಬುಧವಾರ

ಮೂಡಿಗೆರೆಯಿಂದ ಸಂಸೆಗೆ ಬಂದು ಇಳಿಯುವಾಗ ಸಂಜೆ ಆರು. ಬಸ್ಸಿನಲ್ಲಿ ಸೀಟು ಸಿಕ್ಕಿತ್ತು, ಕಿಟಕಿಗೆ ಗಾಜಿರಲಿಲ್ಲ. ಹೀಗಾಗಿ ಎಡಗಡೆ ಮಾತ್ರ ಪೂರ್ತಿ ನೆನೆದಿದ್ದೇನೆ. ಬಲಗಡೆ ಇನ್ನೂ ಪದವೀಧರೆಯಂತೆ ಕಾಣುತ್ತದೆ.

ಮೂರು ದಿನ ಸೋಪು ಮಾಡುವ ತರಬೇತಿ. ಕಾಫಿ ಎಸ್ಟೇಟಿನ ಹೆಂಗಸರ ಸಂಘದಿಂದ ನನ್ನೊಬ್ಬಳನ್ನೇ ಕಳಿಸಿದರು. ಹನ್ನೆರಡು ಜನರಲ್ಲಿ ಬಿ.ಎ. ಆದವಳು ನಾನೊಬ್ಬಳೇ ಎಂಬುದು ಒಂದು ಕಾರಣ. ಕೆಲಸವಿಲ್ಲದವಳೂ ನಾನೊಬ್ಬಳೇ ಎಂಬುದು ಇನ್ನೊಂದು. ಕೂಲಿಯವರ ಲೈನ್ ಮನೆಗಳ ಮಕ್ಕಳಿಗೆ ನಾನು ಹತ್ತೊಂಬತ್ತು ವರ್ಷ ಅಕ್ಷರ ತಿದ್ದಿಸಿದ ಶಿಶುವಿಹಾರವನ್ನು ಮಾರ್ಚಿನಲ್ಲಿ ಮುಚ್ಚಿದರು. ಕಾಫಿಗೆ ರೇಟಿಲ್ಲ, ಶಿಶುವಿಗೆ ವಿಹಾರವಿಲ್ಲ. ಕ್ವಾರ್ಟರ್ಸಿನ ಒಂಟಿ ಕೋಣೆಯಲ್ಲಿ ಬರುವ ಮಾರ್ಚಿನವರೆಗೆ ಇರಬಹುದಂತೆ.

ಸೋಪೆಂದರೆ ಎಣ್ಣೆಗೂ ಕಾಸ್ಟಿಕ್ ಸೋಡಕ್ಕೂ ಮದುವೆ ಮಾಡಿಸುವುದು ಎಂದು ಕಲಿಸುವವರು ಹೇಳಿದರು. ಆ ವಿಷಯದಲ್ಲಿ ನನಗೆ ಅನುಭವವಿಲ್ಲ. ನನ್ನ ಜಾತಕಕ್ಕೆ ಯಾರ ಜಾತಕದೊಂದಿಗೂ ಪ್ರಾಸ ಕೂಡಲಿಲ್ಲ, ನಲವತ್ತೈದಾಯಿತು. ಒಂದೊಂದು ಎಣ್ಣೆಗೆ ಒಂದೊಂದು ಅಂಕಿ ಇದೆಯಂತೆ. ತೆಂಗಿನೆಣ್ಣೆ ನೂರು ಗ್ರಾಮಿಗೆ ಕಾಸ್ಟಿಕ್ ಹದಿನೆಂಟು ಚಿಲ್ಲರೆ, ಹೊಂಗೆಗೆ ಹದಿಮೂರು. ಬಂದ ಲೆಕ್ಕದಲ್ಲಿ ಇಪ್ಪತ್ತನೆಯ ಒಂದು ಪಾಲು ಬಿಟ್ಟು ಹಾಕಬೇಕು. ಆಗ ಸ್ವಲ್ಪ ಎಣ್ಣೆ ಉಳಿದು ಚರ್ಮಕ್ಕೆ ಹಿತ. ಹೆಚ್ಚಾದರೆ ಸೋಪು ಕೊಳೆಯ ಜೊತೆ ಕೈಯನ್ನೂ ತಿನ್ನುತ್ತದೆ.

ಬಿ.ಎ.ಯಲ್ಲಿ ನನಗೆ ಗಣಿತ ಇರಲಿಲ್ಲ, ಛಂದಸ್ಸಿತ್ತು. ಲಘು ಗುರು ಎಣಿಸಿದ ಬೆರಳುಗಳು ಗ್ರಾಮು ಎಣಿಸಲಾರವೇ? ಸಂಘದ ಅರ್ಧಕ್ಕರ್ಧ ಜನರಿಗೆ ಓದು ಬರದು. ಬಸ್ಸಿನಲ್ಲೇ ಅವರಿಗೊಂದು ಕಟ್ಟಿದೆ:

ತೆಂಗಿನೆಣ್ಣೆ ನೂರಕ್ಕೆ ಹದಿನೇಳೂವರೆ,
ಹೆಚ್ಚು ಹಾಕಿದರೆ ಕೈಗೆ ಬರೆ.

ಚೆನ್ನಾಗಿದೆ ಅನ್ನಿಸಿತು. ಪಕ್ಕದ ಸೀಟಿನವರಿಗೆ ಹೇಳಬೇಕೆನ್ನಿಸಿತು. ಅವರು ನಿದ್ದೆ ಮಾಡುತ್ತಿದ್ದರು.

೧೯ ಜೂನ್, ಗುರುವಾರ

ಮೊದಲ ಸೋಪು. ಜಾಗ: ಮುಚ್ಚಿದ ಶಿಶುವಿಹಾರ. ಗೋಡೆಯ ಮೇಲೆ ಇನ್ನೂ ಅ-ಅರಸ, ಆ-ಆನೆ. ಅವರಿಬ್ಬರ ಸಾಕ್ಷಿಯಲ್ಲಿ, ತರಬೇತಿಯಿಂದ ಬಾಯಿ ಬಿಚ್ಚಿದ ಚೀಲದಲ್ಲೇ ತಂದಿದ್ದ ಕಾಸ್ಟಿಕ್ ಕರಗಿಸಿದೆವು.

ಸಂಘದ ಅಧ್ಯಕ್ಷೆ ರಾಮಮ್ಮ ಸ್ಟೀಲಿನದು ಸವೆಯಬಾರದೆಂದು ಮನೆಯಿಂದ ಅಲ್ಯುಮಿನಿಯಂ ಪಾತ್ರೆ ತಂದಿದ್ದರು. ಬೇಡವೆಂದು ನಾನು ಬಾಯಿ ತೆರೆಯುವುದರೊಳಗೆ ಅದು ನೊರೆಯುಕ್ಕಿ ಕಪ್ಪಾಗಿ ಬುಸುಗುಟ್ಟಿತು. ಹನ್ನೊಂದು ಜನ ಹೊರಗೋಡಿದರು. ತಂಗಮ್ಮ ಮಾತ್ರ ನಿಂತಲ್ಲೇ ನಿಂತು, "ಎಂತ ಮಾರಾಯ್ರೆ, ಪಾತ್ರೆಗೆ ದೆವ್ವ ಬಂತಾ?" ಅಂದಳು.

ಈ ತಂಗಮ್ಮ ಮೂವತ್ತು ವರ್ಷದಿಂದ ಇಲ್ಲಿ ಕಾಫಿ ಕುಯ್ಯುವವಳು. ಗಂಡ ಶೇಷಪ್ಪ ಕಣದಲ್ಲಿ ಹಣ್ಣಿನ ಸಿಪ್ಪೆ ಸುಲಿದ ಕಾಳು, ಅಂದರೆ ಪಾರ್ಚ್‌ಮೆಂಟ್ ಒಣಗಿಸಿ ತೂಗುವವನು. ಅವಳ ಅಂಗೈ ಮುಟ್ಟಿದರೆ ಮರದ ಮಣೆ ಮುಟ್ಟಿದಂತೆ. ಕಾದ ಬಾಣಲೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಾಳೆ. ತರಬೇತಿಯಲ್ಲಿ ಕೊಟ್ಟ ಒಂದೇ ಜೊತೆ ಗ್ಲೌಸು ಅವಳ ಕೈಗೆ ಹೋಗಲೇ ಇಲ್ಲ.

ನನ್ನ ಪದ್ಯ ಎಲ್ಲರ ಬಾಯಿಗೆ ಬಂತು. ಸಂಜೆ ಲೈನಿನ ಕಡೆಯಿಂದ ಯಾರೋ ಅದನ್ನು ಸೋಬಾನೆಯ ಧಾಟಿಯಲ್ಲಿ ಹೇಳುತ್ತಿದ್ದರು. ಹತ್ತೊಂಬತ್ತು ವರ್ಷ ಕಲಿಸಿದ ಮಗ್ಗಿಗೆ ಈ ಭಾಗ್ಯ ಬಂದಿರಲಿಲ್ಲ.

೨ ಜುಲೈ, ಬುಧವಾರ

ಸೋಪು ಸೋಪಾಗುತ್ತಿಲ್ಲ. ಅಚ್ಚಿನಲ್ಲಿ ಹದಿಮೂರು ದಿನದಿಂದ ಬೆಣ್ಣೆಯಂತೆ ಕೂತಿದೆ. ಮೇಲೆ ಎಣ್ಣೆ ಜಿನುಗುತ್ತದೆ. ಕೈ ತೊಳೆದರೆ ಕೈಗೆ ಅಂಟಿದ್ದನ್ನು ತೆಗೆಯಲು ಇನ್ನೊಂದು ಸೋಪು ಬೇಕು.

ಲೆಕ್ಕ ನಾಲ್ಕು ಸಲ ನೋಡಿದೆ. ಸರಿಯಾಗಿದೆ. ಮಳೆ ನಿಂತಿಲ್ಲ. ಹಾಸಿಗೆ ಹಸಿ, ಪುಸ್ತಕ ಹಸಿ. ಮೂಲೆಯಲ್ಲಿ ಬಾಯಿಬಿಟ್ಟು ಕೂತ ಕಾಸ್ಟಿಕ್ಕಿನ ಚೀಲವೂ ಮುದ್ದೆಗಟ್ಟಿ ಜಿಗುಟಾಗಿದೆ. ಈ ಊರಿನಲ್ಲಿ ಜುಲೈಯಲ್ಲಿ ಜಿಗುಟಾಗದೆ ಇರುವುದೇನು?

ಉಪ್ಪೆಲ್ಲ ನೀರು, ಸಕ್ಕರೆ ಪಾಕ,
ಬೆಂಕಿಪೆಟ್ಟಿಗೆಯೂ ಮೂಕ.

೯ ಜುಲೈ, ಬುಧವಾರ

ಎರಡನೆಯ ಸಲದ್ದೂ ಹಾಗೇ. ಜಿಡ್ಡು.

ರಾಮಮ್ಮ ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

೧೬ ಜುಲೈ, ಬುಧವಾರ

ದಾರಿ ಸಿಕ್ಕಿತು. ಜಿಡ್ಡು ಉಳಿಯುತ್ತದೆ ಎಂದರೆ ಎಣ್ಣೆಗೆ ಕಾಸ್ಟಿಕ್ ಸಾಲುತ್ತಿಲ್ಲ ಎಂದರ್ಥ. ಸಾಲದಿದ್ದರೆ ಹೆಚ್ಚು ಹಾಕುವುದು. ಯಾಕೆ ಸಾಲುತ್ತಿಲ್ಲ ಎಂಬುದು ವಿಜ್ಞಾನದವರ ಪ್ರಶ್ನೆ, ನಾನು ಕಲಾ ವಿಭಾಗ. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು ಹಾಕಿ ಬೇರೆಬೇರೆ ಬಟ್ಟಲಲ್ಲಿ ನೋಡಿದೆ. ಇಪ್ಪತ್ತೆರಡಕ್ಕೆ ಜಿಡ್ಡು ಹೋಯಿತು. ಕೈಗೆ ಚುರುಗುಟ್ಟಲಿಲ್ಲ. ಅಚ್ಚಿನಿಂದ ಎದ್ದು ಬರುವಷ್ಟು ಗಟ್ಟಿಯಾಗದಿದ್ದರೂ ಹಿಟ್ಟಿನ ಹದಕ್ಕೆ ಬಂತು.

ತಂಗಮ್ಮ ಅದನ್ನು ಅಚ್ಚಿನಿಂದ ಬಾಚಿ ತೆಗೆದು ನಾದತೊಡಗಿದಳು. ನಾದಿ, ಅಂಗೈಯಲ್ಲಿ ಉರುಳಿಸಿ, ಹೆಬ್ಬೆರಳಿಂದ ಒತ್ತಿ ಸಾಲಾಗಿ ಇಟ್ಟಳು. ಹಬೆಯಲ್ಲಿ ಬೇಯಿಸಿದರೆ ತಿನ್ನಬಹುದಾದ ಕಡುಬು. ಉಳಿದವರೂ ಕೂತರು. ಸಾಬೂನು ಅಚ್ಚಿನಲ್ಲಿ ಆಗಬೇಕೆಂದು ತರಬೇತಿಯಲ್ಲಿ ಹೇಳಿದ್ದರು, ಆದರೆ ಅವರಿಗೆ ಕಡುಬು ಗೊತ್ತಿರಲಿಲ್ಲ.

ಹಳೆಯ ಪದ್ಯವನ್ನು ಎಲ್ಲರಿಗೂ ಮರೆಯಲು ಹೇಳಿ ಹೊಸದು ಕಲಿಸಿದೆ:

ನೂರಕ್ಕೆ ಹಾಕು ಇಪ್ಪತ್ತೆರಡು,
ಜಿಡ್ಡೇ, ಜಾಗ ಬಿಡು.

ಹಳೆಯದಕ್ಕಿಂತ ಚಿಕ್ಕದು, ಬಾಯಿಗೆ ಬೇಗ ಹತ್ತಿತು. ನಾದುವ ತಾಳಕ್ಕೆ ಸರಿಯಾಗಿ ಕೂರುತ್ತದೆ. ಕವಿಯಾಗಿ ಇದು ನನ್ನ ದೊಡ್ಡ ಯಶಸ್ಸು ಎಂದು ತೋರುತ್ತದೆ.

೨೪ ಆಗಸ್ಟ್, ಭಾನುವಾರ

ಬಹಳ ದಿನ ಬರೆಯಲಿಲ್ಲ. ಬರೆಯಲು ಇದ್ದದ್ದು ಮಳೆ ಮತ್ತು ಬೆನ್ನುನೋವು ಮಾತ್ರ.

ಕಡುಬಿನ ಸೋಪು ನಡೆಯುತ್ತಿದೆ. ಕಳಸದ ಎರಡು ಅಂಗಡಿಯವರು ಇಟ್ಟುಕೊಂಡಿದ್ದಾರೆ. ಮ್ಯಾನೇಜರ ಮನೆಗೂ ಆರು ಹೋಯಿತು. ಹೆಂಗಸರಿಗೆ ಈಗ ನನ್ನ ತಕ್ಕಡಿ ಬೇಕೇ ಹೊರತು ನಾನು ಬೇಕಾಗಿಲ್ಲ. ಪದ್ಯ ಹೇಳಿಕೊಂಡು ತಾವೇ ತೂಗುತ್ತಾರೆ. ನಾನು ಜಗಲಿಯಲ್ಲಿ ಕೂತು ಸುಸ್ತಾಗುವ ಕೆಲಸವನ್ನು ಪೂರ್ಣಾವಧಿ ಮಾಡುತ್ತಿದ್ದೇನೆ.

೨೮ ಸೆಪ್ಟೆಂಬರ್, ಭಾನುವಾರ

ಮಳೆ ಹಿಂದೆ ಸರಿಯಿತು. ಕಾಯಿ ಬಲಿಯುತ್ತಿದೆ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದೇವೇಂದ್ರ ನಿನ್ನೆ ಹಾಜರಿಯ ಹೊತ್ತಿಗೆ ಎಲ್ಲರನ್ನೂ ನಿಲ್ಲಿಸಿ ಹೇಳಿದರಂತೆ: ಈ ವರ್ಷ ಜನ ಕಡಿಮೆ ಮಾಡುತ್ತಾರೆ. ನವೆಂಬರಿನ ಮೊದಲ ಕುಯ್ಲಿನ ಆರು ದಿನ ಯಾರು ಹಾಜರಿಲ್ಲವೋ ಅವರ ಹೆಸರು ಆಳುಗಳ ಪಟ್ಟಿಯಾದ ಚೆಕ್‌ರೋಲಿನಿಂದ ತೆಗೆಯುವುದು. ಹೆಸರು ಹೋದರೆ ಲೈನ್ ಮನೆಯೂ ಹೋಯಿತು. ಶೇಷಪ್ಪನಿಗೆ ವಯಸ್ಸಾಗಿದೆ, ಅವನ ಹೆಸರು ಹೋದ ವರ್ಷವೇ ತೆಗೆದಿದ್ದಾರೆ. ದಿನಗೂಲಿಗೆ ಕರೆದಾಗ ಕಣಕ್ಕೆ ಹೋಗುತ್ತಾನೆ, ಅಷ್ಟೇ. ಆ ಮನೆ ನಿಂತಿರುವುದು ತಂಗಮ್ಮನ ಹೆಸರಿನ ಮೇಲೆ.

"ಆರು ದಿನ ಅಲ್ದಾ? ಜ್ವರ ಬಂದ್ರೂ ಹೋಗ್ತೀನಿ, ಹೆಣ ಆದ್ರೂ ಹೋಗ್ತೀನಿ" ಎಂದು ತಂಗಮ್ಮ ಸೋಪು ಒತ್ತುತ್ತಲೇ ಹೇಳಿದಳು.

೧೩ ಅಕ್ಟೋಬರ್, ಸೋಮವಾರ

ಹಳೆಯ ಚೀಲ ಮುಗಿಯಿತು. ಕಳಸದ ಬೆಳ್ಳಿಯಪ್ಪನ ಅಂಗಡಿಯಿಂದ ಹೊಸ ಕಾಸ್ಟಿಕ್ ತಂದೆ. ಅಂಗಡಿಯೂ ಹೊಸದು, ಬೆಳ್ಳಿಯಪ್ಪ ಮಾತ್ರ ಹಳಬರು. ಸೀಲು ಒಡೆದರೆ ಬಿಳಿಯ ಚಕ್ಕೆಗಳು ಒಂದಕ್ಕೊಂದು ತಾಗಿ ಗಲಗಲ ಅನ್ನುತ್ತವೆ. ಹಳೆಯ ಚೀಲದ ಮುದ್ದೆ ನೋಡಿದ ಕಣ್ಣಿಗೆ ಹಬ್ಬ. ಬಿಸಿಲೂ ಬಿದ್ದಿದೆ.

ಮೇಲೆ ಬಿಳಿ ಮೋಡ, ಕೆಳಗೆ ಗರಿಗರಿ ಸೋಡ,
ಇನ್ನೇನು ಬೇಕು ನೋಡ.

ನಾಳೆ ಒಟ್ಟಿಗೇ ಐದು ಕೆ.ಜಿ. ಎಣ್ಣೆಯದು ಮಾಡುವುದೆಂದು ತೀರ್ಮಾನ.

೧೪ ಅಕ್ಟೋಬರ್, ಮಂಗಳವಾರ

ತಂಗಮ್ಮನ ಕೈ ಸುಟ್ಟಿತು. ಎರಡೂ.

ನಾನು ಜಗಲಿಯಲ್ಲಿ ಸೋಪಿನ ಚೀಟಿಗೆ ಎರಡು ಸಾಲು ಬರೆಯುತ್ತಿದ್ದೆ. ಒಳಗೆ ಅವರು ಪದ್ಯ ಹೇಳಿ ತೂಗಿದರು, ಕಲಸಿದರು. ಈ ಸಲ ಬೇಗ ಗಟ್ಟಿಯಾಯಿತೆಂದು ಸಂತೋಷಪಟ್ಟರು. ತಂಗಮ್ಮ ನಾದಲು ಕೂತಳು. ಉಳಿದವರು ಮುಟ್ಟಿದ ಕೂಡಲೇ ಕೈ ಹಿಂದೆಗೆದು "ಬಿಸಿ" ಅಂದರಂತೆ. ಇವಳಿಗೆ ಗೊತ್ತೇ ಆಗಲಿಲ್ಲ. ಅಷ್ಟು ದಪ್ಪ ಚರ್ಮ. ಇಡೀ ಮುದ್ದೆಯನ್ನು ಒಬ್ಬಳೇ ಒತ್ತಿದಳು. ಅರ್ಧ ಗಂಟೆ.

ಆಮೇಲೆ ನನ್ನ ಹತ್ತಿರ ಬಂದು, "ಟೀಚರೇ, ಕೈ ಎಂತಕೋ ಜಾರ್ತಾ ಉಂಟು, ನೋಡಿ" ಅಂದಳು. ಜಾರುತ್ತಿದ್ದುದು ಸೋಪಲ್ಲ. ಅವಳ ಚರ್ಮ.

ನಲ್ಲಿಯ ಕೆಳಗೆ ಹಿಡಿದೆ. ಯಾರೋ ಮೊಸರು ತಂದರು, ಅರಿಶಿನ ತಂದರು. ನೀರೊಂದೇ ಎಂದು ತರಬೇತಿಯಲ್ಲಿ ಹೇಳಿದ್ದು ನೆನಪಿತ್ತು. ಎಸ್ಟೇಟಿನ ಜೀಪು ಬರುವವರೆಗೆ ಹಿಡಿದೇ ಇದ್ದೆ. ಅವಳು ಕೂಗಲಿಲ್ಲ.

೧೫ ಅಕ್ಟೋಬರ್, ಬುಧವಾರ

ಡಾಕ್ಟರು ಎರಡೂ ಕೈಗೆ ಬಟ್ಟೆ ಸುತ್ತಿ, ಆರು ವಾರ ಕೆಲಸ ಮಾಡಕೂಡದು ಅಂದರು. ಬೆರಳ ತುದಿಗಳು ಪರವಾಗಿಲ್ಲ, ಅಂಗೈ ಹೋಗಿದೆ. ಆರು ವಾರವೆಂದರೆ ನವೆಂಬರಿನ ಕೊನೆ. ಕುಯ್ಲು ಇಪ್ಪತ್ತಕ್ಕೆ ಶುರು. ಈ ಲೆಕ್ಕವನ್ನು ತಂಗಮ್ಮ ಆಸ್ಪತ್ರೆಯ ಬೆಂಚಿನಲ್ಲಿ ಕೂತು ನನಗಿಂತ ಮೊದಲೇ ಮಾಡಿದ್ದಳು.

ಏನಾಯಿತು ಎಂದು ಎಲ್ಲರೂ ಕೇಳಿದರು. ತೂಕ ಸರಿ, ಎಣ್ಣೆ ಅದೇ, ಪಾತ್ರೆ ಅದೇ. ಬದಲಾದದ್ದು ಅಂಗಡಿ ಒಂದೇ. ಹಾಗೆಂದು ಹೇಳಿದೆ. ಸುಳ್ಳೇನಲ್ಲ.

೧೯ ಅಕ್ಟೋಬರ್, ಭಾನುವಾರ

ರಾಮಮ್ಮನ ಮುಂದಾಳತ್ವದಲ್ಲಿ ಏಳು ಜನ ಕಳಸಕ್ಕೆ ಹೋಗಿ ಬೆಳ್ಳಿಯಪ್ಪನವರ ಅಂಗಡಿಯ ಮುಂದೆ ನಿಂತೆವು. ತಂಗಮ್ಮನನ್ನೂ ಕರೆದುಕೊಂಡು ಹೋಗಿದ್ದರು, ಬಟ್ಟೆ ಸುತ್ತಿದ ಕೈ ತೋರಿಸಲು. ವಿಷ ಮಾರುತ್ತೀರೆಂದು ರಾಮಮ್ಮ, ಹೆಂಡತಿ ಮಕ್ಕಳು ಇಲ್ಲವಾ ಎಂದು ತಂಗಮ್ಮ. ಸಂತೆಯ ಜನ ಸೇರಿದರು.

ಬೆಳ್ಳಿಯಪ್ಪ ವಾದಿಸಲಿಲ್ಲ. ಉಳಿದ ಕಾಸ್ಟಿಕ್ ವಾಪಸು ತೆಗೆದುಕೊಂಡರು. "ನಲವತ್ತು ವರ್ಷದಲ್ಲಿ ಹೀಗಾಗಿರ್ಲಿಲ್ಲ. ಆದ್ರೆ ಟೀಚರೇ ಹೇಳಿದ್ರೆ ಇರ್ಬಹುದು" ಅಂದರು. ನನ್ನ ಕಡೆ ನೋಡಿ ಅಂದರು. ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ.

ಬಸ್ಸಿನಲ್ಲಿ ತಲೆನೋವು.

೨೪ ಅಕ್ಟೋಬರ್, ಶುಕ್ರವಾರ

ನೀರು ತುಂಬುವ ಹಬ್ಬ ನಿನ್ನೆ, ಎಣ್ಣೆಸ್ನಾನ ಇವತ್ತು. ನಾನು ಮಾಡಲಿಲ್ಲ. ಹಂಡೆ ಉರಿ ಹಾಕುವಷ್ಟು ಶಕ್ತಿ ಇರಲಿಲ್ಲ.

ಬೆಳಿಗ್ಗೆ ಲೈನಿಗೆ ಹೋದೆ. ಆವತ್ತಿನಿಂದ ದಿನಾ ಹೋಗುತ್ತಿದ್ದೇನೆ. ತಂಗಮ್ಮನಿಗೆ ತಲೆ ಬಾಚುವುದು, ಊಟ ಕಲಸಿ ಬಾಯಿಗಿಡುವುದು. ಮೊದಲೆರಡು ದಿನ ಮುಖ ತಿರುಗಿಸುತ್ತಿದ್ದಳು. ಬೇರೆಯವರ ಕೈಯಲ್ಲಿ ಉಂಡು ಅಭ್ಯಾಸವಿಲ್ಲ. ಇವತ್ತು, "ತುತ್ತು ದೊಡ್ಡದು ಮಾಡಿ, ನಾನೇನು ನಿಮ್ಮ ಶಿಶುವಿಹಾರದ ಮಗುವಾ?" ಎಂದು ಗದರಿದಳು. ದೊಡ್ಡದು ಮಾಡಿದೆ.

ಅವಳ ತಲೆಯಲ್ಲಿ ಬಿಳಿಕೂದಲು ಕಡಿಮೆ. ನನಗಿಂತ ಏಳು ವರ್ಷ ದೊಡ್ಡವಳು.

೨ ನವೆಂಬರ್, ಭಾನುವಾರ

ಊಟ ಮಾಡಿಸಿ ಏಳುತ್ತಿದ್ದೆ. ಶೇಷಪ್ಪ ಹೊಸಿಲ ಮೇಲೆ ಕೂತಿದ್ದ. ಇಷ್ಟು ದಿನ ನನ್ನ ಹತ್ತಿರ ಮಾತಾಡಿದವನಲ್ಲ. ಇವತ್ತು ಕೇಳಿದ, ಮಳೆಗಾಲದಲ್ಲಿ ಆ ಸೋಡವನ್ನು ಎಲ್ಲಿ ಇಟ್ಟಿದ್ದಿರಿ ಎಂದು. ಮೂಲೆಯಲ್ಲಿ, ಚೀಲದಲ್ಲಿ ಅಂದೆ. ಬಾಯಿ ಕಟ್ಟಿತ್ತಾ ಎಂದು ಕೇಳಿದ. ಇಲ್ಲ ಅಂದೆ. ಮುದ್ದೆಯಾಗಿತ್ತಾ? ಆಗಿತ್ತು.

ಅವನು ನನ್ನ ಕಡೆ ತಿರುಗಿ ಕೂತ. "ಟೀಚರೇ, ಜುಲೈಯಲ್ಲಿ ಪಾರ್ಚ್‌ಮೆಂಟ್ ಚೀಲ ಬಿಚ್ಚಿಟ್ಟು ಆಮೇಲೆ ತೂಗಿದ್ರೆ, ಆ ತೂಕ ಯಾರಾದ್ರೂ ನಂಬ್ತಾರಾ? ಕಾಳು ಅಷ್ಟೇ ಇರ್ತದೆ, ತೂಕ ಜಾಸ್ತಿ ಬರ್ತದೆ. ಅದು ಕಾಫಿಯ ತೂಕ ಅಲ್ಲ. ನೀರಿಂದು."

ಒಳಗೆ ತಂಗಮ್ಮನಿಗೆ ಜೊಂಪು ಹತ್ತಿತ್ತು.

"ಮಳೇಲಿ ನೀವು ತೂಗಿದ್ದೂ ನೀರೇ" ಅಂದ.

೪ ನವೆಂಬರ್, ಮಂಗಳವಾರ

ಸಂಘದಲ್ಲಿ ಮುಚ್ಚಿಟ್ಟ ಬಟ್ಟಲಿನ ತಳಕ್ಕೆ ಉಳಿದು, ಅಂಗಡಿಗೆ ವಾಪಸು ಹೋಗದಿದ್ದ ಹೊಸ ಕಾಸ್ಟಿಕ್ಕನ್ನು ಭಾನುವಾರ ಸಂಜೆಯೇ ತೂಗಿ, ಸರಿಯಾಗಿ ನೂರು ಗ್ರಾಮು ತಟ್ಟೆಯಲ್ಲಿ ಕಿಟಕಿಯ ಹತ್ತಿರ ಇಟ್ಟಿದ್ದೆ. ಬಿಸಿಲಿನ ದಿನಗಳು, ಬೆಳಗಿನ ಮಂಜು ಬಿಟ್ಟರೆ ಹಸಿಯೇ ಇಲ್ಲ. ಇವತ್ತು ಸಂಜೆ ತೂಗಿದೆ. ನೂರ ಇಪ್ಪತ್ತಮೂರು.

ಬಿಸಿಲಿನಲ್ಲಿ, ಎರಡು ದಿನಕ್ಕೆ ಇಷ್ಟು. ಜುಲೈಯಲ್ಲಿ ಒಂದು ತಿಂಗಳಿಗೆ ಎಷ್ಟು ಕುಡಿದಿರಬೇಕು? ಹದಿನೇಳೂವರೆ ತೂಗಿದರೆ ಅದರಲ್ಲಿ ಕಾಸ್ಟಿಕ್ ಹದಿನಾಲ್ಕೂ ಇರಲಿಲ್ಲ. ಅದಕ್ಕೇ ಜಿಡ್ಡು. ಇಪ್ಪತ್ತೆರಡು ತೂಗಿದಾಗ ಸರಿಯಾಯಿತು, ಯಾಕೆಂದರೆ ಉಳಿದದ್ದು ಮಳೆ.

ಹೊಸ ಪೊಟ್ಟಣದಲ್ಲಿ ಮಳೆ ಇರಲಿಲ್ಲ. ಐದು ಕೆ.ಜಿ. ಎಣ್ಣೆಗೆ ಬೇಕಿದ್ದುದು ಎಂಟುನೂರ ಎಪ್ಪತ್ತೈದು ಗ್ರಾಮು. ಅವರು ತೂಗಿದ್ದು ಸಾವಿರದ ನೂರು. ಹೆಚ್ಚಿನ ಇನ್ನೂರ ಇಪ್ಪತ್ತೈದು ಎಲ್ಲಿಗೆ ಹೋಯಿತೆಂದು ಕೇಳಬೇಕಾಗಿಲ್ಲ.

ಅವರು ತಪ್ಪು ತೂಗಲಿಲ್ಲ. ನಾನು ಬಾಯಿಪಾಠ ಮಾಡಿಸಿದ್ದನ್ನು ಒಂದು ಗ್ರಾಮೂ ಬಿಡದೆ ಹಾಗೇ ಮಾಡಿದರು.

೫ ನವೆಂಬರ್, ಬುಧವಾರ

ಹೇಳಲಿಲ್ಲ.

೬ ನವೆಂಬರ್, ಗುರುವಾರ

ಊಟ ಮಾಡಿಸಿ ಬಂದೆ. ಹೇಳಲಿಲ್ಲ. ಶೇಷಪ್ಪನೂ ಅವಳಿಗೆ ಹೇಳಿಲ್ಲ ಎಂದು ಕಾಣುತ್ತದೆ. ಕಾಯುತ್ತಿದ್ದಾನೆ.

೯ ನವೆಂಬರ್, ಭಾನುವಾರ

ಸಂಘದ ಸಭೆ. ಹೊಸ ಅಂಗಡಿ ಹುಡುಕುವ ವಿಷಯ ಬಂತು. ಕೊಪ್ಪದಿಂದ ತರಿಸೋಣ ಎಂದು ರಾಮಮ್ಮ ಹೇಳುತ್ತಿದ್ದರು.

ಅಂಗಡಿಯ ತಪ್ಪಲ್ಲ ಅಂದೆ. ಮಳೆ, ಚೀಲ, ನೀರಿನ ತೂಕ, ಎಲ್ಲ ಹೇಳಿದೆ. ಕಿಟಕಿಯ ತಟ್ಟೆಯನ್ನು ತಂದಿದ್ದೆ, ತಕ್ಕಡಿಗಿಟ್ಟು ತೋರಿಸಿದೆ. ಆ ಹೊತ್ತಿಗೆ ಅದು ಪೂರ್ತಿ ನೀರಾಗಿತ್ತು. ನಾನು ಇನ್ನೂ ವಿವರಿಸುತ್ತಲೇ ಇದ್ದೆ. ತಂಗಮ್ಮ ಗೋಡೆಗೊರಗಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಸೋಡದ ವಿಷಯ ಸಾಕು. ಯಾರ ತಪ್ಪು ಅಂತ ಹೇಳಿ" ಅಂದರು.

"ನಂದು."

ಅಂಗಡಿ ಅಂತ ಹೇಳಿದವರೂ ನೀವೇ ಅಲ್ಲವಾ ಎಂದು ರಾಮಮ್ಮ ಕೇಳಿದರು. ಹೌದು ಅಂದೆ. ಆ ಬೆಳ್ಳಿಯಪ್ಪನಿಗೆ ಸಂತೆಯಲ್ಲಿ ನಿಲ್ಲಿಸಿ ಬೈದೆನಲ್ಲ, ಅವನ ಹೆಂಡತಿ ಮಕ್ಕಳನ್ನೂ ಎಳೆದೆನಲ್ಲ ಎಂದು ತಂಗಮ್ಮ ತಮಗೇ ಹೇಳಿಕೊಂಡಂತೆ ಹೇಳಿದರು. ಸುಟ್ಟದ್ದಕ್ಕಿಂತ ಅದೇ ಅವರಿಗೆ ಹೆಚ್ಚಾಯಿತೆಂದು ಕಂಡಿತು. ಆಮೇಲೆ ನನ್ನ ಕಡೆ ತಿರುಗಿದರು.

"ಆಯ್ತು, ನಿಮ್ಮ ತಪ್ಪು. ಈಗ ಎಂತ ಮಾಡುದು? ಇಪ್ಪತ್ತನೇ ತಾರೀಕು ಕುಯ್ಲಿಗೆ ಯಾರು ಹೋಗ್ತಾರೆ? ನೀವು ಹೋಗ್ತೀರಾ?"

ಒಂದಿಬ್ಬರು ನಕ್ಕರು. ಅವರು ನಗಲಿಲ್ಲ. ಎದ್ದು ಹೋದರು. ಬಾಗಿಲು ತೆರೆಯಲು ಕೈ ಆಗುವುದಿಲ್ಲ, ಮೊಣಕೈಯಿಂದ ದೂಡಿದರು.

೧೦ ನವೆಂಬರ್, ಸೋಮವಾರ

ಊಟ ತೆಗೆದುಕೊಂಡು ಹೋದೆ. ಬಾಗಿಲು ಹಾಕಿತ್ತು. ಜಗಲಿಯ ಮೇಲೆ ಇಟ್ಟು ಬಂದೆ.

೧೧ ನವೆಂಬರ್, ಮಂಗಳವಾರ

ಬೆಳ್ಳಿಯಪ್ಪನವರ ಅಂಗಡಿಗೆ ಹೋದೆ. ಸಂತೆಯ ದಿನವಲ್ಲ, ಕೇಳಿಸಿಕೊಳ್ಳಲು ಜನವಿರಲಿಲ್ಲ. ಆದ್ದರಿಂದ ಪಕ್ಕದ ಬಟ್ಟೆ ಅಂಗಡಿಯವರನ್ನೂ ಹೋಟೆಲಿನವರನ್ನೂ ಕರೆದು ಅವರ ಮುಂದೆ ತಪ್ಪು ನನ್ನದೆಂದು ಹೇಳಿದೆ. ಅವರು ಯಾಕೆ ಕರೆದಳೆಂದು ತಿಳಿಯದೆ ಬೆಪ್ಪಾಗಿ ನಿಂತಿದ್ದರು. ಬೆಳ್ಳಿಯಪ್ಪ ಒಂದು ಮುಚ್ಚಳದ ಡಬ್ಬಿ ತಂದು ಮುಂದಿಟ್ಟರು. ಇನ್ನು ಮೇಲೆ ಇದರಲ್ಲಿ ಹಾಕಿಡಿ, ಬಿಗಿಯಾಗಿ ಮುಚ್ಚಿ ಅಂದರು. ಅಷ್ಟೇ.

ವಾಪಸು ಬರುವಾಗ ಸೀಟಿರಲಿಲ್ಲ. ನಿಂತೇ ಬಂದೆ. ಜಗಲಿಯ ಊಟದ ಡಬ್ಬಿ ಖಾಲಿಯಾಗಿ, ತೊಳೆದು, ನನ್ನ ಬಾಗಿಲಲ್ಲಿತ್ತು.

೧೭ ನವೆಂಬರ್, ಸೋಮವಾರ

ರೈಟರ್ ದೇವೇಂದ್ರರ ಆಫೀಸಿಗೆ ಹೋದೆ. ಈಗ ಎಲ್ಲರಿಗೂ ಗೊತ್ತು, ಆದರೂ ಮೊದಲಿನಿಂದ ಹೇಳಬೇಕಾಯಿತು. ಈ ಕಥೆ ಹೇಳುವುದರಲ್ಲಿ ಪಳಗುತ್ತಿದ್ದೇನೆ. ತಂಗಮ್ಮನವರ ಬದಲಿಗೆ ಆರು ದಿನ ನಾನು ಕುಯ್ಯುತ್ತೇನೆ, ಹೆಸರು ಅವರದೇ ಇರಲಿ ಎಂದು ಕೇಳಿದೆ.

ಅವರು ಪೆನ್ನು ಕೆಳಗಿಟ್ಟರು. ಹಾಗೆಲ್ಲ ಪದ್ಧತಿಯಿಲ್ಲ ಎಂದರು. ನಾನು ಹೋಗಲಿಲ್ಲ. ಮ್ಯಾನೇಜರ ಹತ್ತಿರ ಒಳಗೆ ಹೋಗಿ ಬಂದರು. ಬರುವವರೆಗೆ ಗೋಡೆಯ ಮೇಲಿನ ಮಳೆಯ ಪಟ್ಟಿ ಓದುತ್ತ ಕೂತೆ. ಜುಲೈಯ ಅಂಕಿ ಎಲ್ಲಕ್ಕಿಂತ ಎತ್ತರ.

ಬಂದು ಹೇಳಿದ್ದು ಇಷ್ಟು: ಹೆಸರು ಉಳಿಯುತ್ತದೆ. ಆದರೆ ತಂಗಮ್ಮ ದಿನಾ ಹಾಜರಿಗೆ ಬಂದು ನಿಲ್ಲಬೇಕು, ಅವರ ಸಾಲಿನಿಂದ ದಿನಕ್ಕೆ ನಲವತ್ತು ಕೆ.ಜಿ. ಹಣ್ಣು ಬರಬೇಕು. ಒಂದು ದಿನ ಕಡಿಮೆಯಾದರೂ ಇಲ್ಲ.

"ನೀವು ಯಾವತ್ತಾದ್ರೂ ಕುಯ್ದಿದ್ದೀರಾ ಟೀಚರೇ?"

ಮಕ್ಕಳಿಗೆ ಕಾಫಿ ಗಿಡದ ಚಿತ್ರ ಬರೆಸಿದ್ದೇನೆ ಅಂದೆ.

ಸಂಜೆ ಲೈನಿಗೆ ಹೋಗಿ ಹೇಳಿದೆ. ತಂಗಮ್ಮ ಬಾಗಿಲಲ್ಲಿ ನಿಂತು ಕೇಳಿದರು. "ನಾನು ಕೇಳಿದ್ದು ಸಿಟ್ಟಿಗೆ. ನೀವು ನಿಜ ಅಂತ ತಿಳ್ಕೊಂಡ್ರಾ?" ಅಂದರು. ನನ್ನ ಕಾಲು ನೋಡಿದರು. "ಈ ಚಪ್ಪಲಿಲಿ ಆಗುದಿಲ್ಲ" ಅಂದರು. ಶೇಷಪ್ಪನವರು ಒಳಗಿನಿಂದ ತಮ್ಮ ಹಳೆಯ ಗಂಬೂಟು ತಂದುಕೊಟ್ಟರು.

೧೯ ನವೆಂಬರ್, ಬುಧವಾರ

ಬೆಳಿಗ್ಗೆ ಸಂಘದಲ್ಲಿ ಸೋಪು, ಮತ್ತೆ ಹದಿನೇಳೂವರೆಯ ಲೆಕ್ಕ. ಅಚ್ಚಿನಲ್ಲೇ ಬಿಟ್ಟೆವು, ಯಾರೂ ನಾದಲಿಲ್ಲ. ಚೀಟಿಗೆ ಏನು ಬರೆಯುವುದು ಎಂದು ರಾಮಮ್ಮ ಕೇಳಿದರು. ಮಾಡಿದ ತಾರೀಕು ಬರೆಯಿರಿ, ಒಂದು ತಿಂಗಳು ಬಿಟ್ಟು ಬಳಸಿ ಎಂದು ಬರೆಯಿರಿ ಅಂದೆ.

ಗಂಬೂಟಿಗೆ ಬಟ್ಟೆ ತುರುಕಿ ನಡೆದು ನೋಡಿದೆ. ಪರವಾಗಿಲ್ಲ.

೨೦ ನವೆಂಬರ್, ಗುರುವಾರ

ಏಳೂವರೆಗೆ ಹಾಜರಿ. ರೈಟರ್ "ತಂಗಮ್ಮ" ಎಂದು ಕೂಗಿದಾಗ ಅವರು ಬಟ್ಟೆ ಸುತ್ತಿದ ಕೈ ಎತ್ತಿದರು, ನಾನು ಬುಟ್ಟಿ ಎತ್ತಿಕೊಂಡೆ. ಸಾಲಿನಲ್ಲಿದ್ದವರು ನಕ್ಕರು. ಟೀಚರಿಗೆ ಪ್ರಮೋಷನ್ ಆಯ್ತು ಎಂದು ಯಾರೋ ಅಂದರು. ನನಗೂ ನಗು ಬಂತು.

ಬೇಲಿಯ ಹತ್ತಿರದ ಇಳಿಜಾರು ನಮ್ಮ ಪಾಲಿಗೆ. ಕಾಲು ನಿಲ್ಲುವುದಿಲ್ಲ. ರೆಂಬೆ ಬಗ್ಗಿಸಿದರೆ ಚಗಳಿ ಇರುವೆ ಕೊರಳಿಗಿಳಿಯುತ್ತದೆ. ಹಣ್ಣು ಕಂಡಷ್ಟು ಸುಲಭಕ್ಕೆ ಕಳಚುವುದಿಲ್ಲ. ಎಳೆದರೆ ತೊಟ್ಟೂ ಎಲೆಯೂ ಕಿತ್ತು ಬರುತ್ತದೆ. ತಂಗಮ್ಮ ಪಕ್ಕದಲ್ಲಿ ನಿಂತು ಹೇಳುತ್ತ ಹೋದರು. ಎಳೆಯಬೇಡಿ, ತಿರುಪಿ. ಹಸಿರು ಮುಟ್ಟಬೇಡಿ. ಹಿಂದಿನ ರೆಂಬೆ ಬಿಟ್ಟಿರಿ. ಅಲ್ಲಿ, ಅಲ್ಲಿ, ಕಣ್ಣು ಎಲ್ಲಿದೆ?

ಮಧ್ಯಾಹ್ನಕ್ಕೆ ಬುಟ್ಟಿಯಲ್ಲಿ ಹದಿಮೂರು ಕೆ.ಜಿ. ಕೂಡ ಇರಲಿಲ್ಲ. ಊಟ ತಂದ ಶೇಷಪ್ಪನವರು ಕೈಯಲ್ಲೆತ್ತಿ ನೋಡಿಯೇ ಹೇಳಿದರು. ನಾನು ಗಿಡದ ಬುಡದಲ್ಲಿ ಕೂತೆ. ನಲವತ್ತು ಆಗುವುದಿಲ್ಲ ಅಂದೆ. ನಿಜವಾಗಿ ಆಗುತ್ತಿರಲಿಲ್ಲ.

ತಂಗಮ್ಮ ಹಲ್ಲಿನಿಂದ ಬಟ್ಟೆಯ ಗಂಟು ಬಿಚ್ಚಿದರು. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ಅಂಗೈ ಮುಟ್ಟುವುದಿಲ್ಲ ಅಂದರು. ಎರಡೂ ಕೈಯ ಹೆಬ್ಬೆರಳು ತೋರುಬೆರಳಿನಷ್ಟು ಬಟ್ಟೆ ಸರಿಸಿ, ಉಳಿದದ್ದನ್ನು ಮತ್ತೆ ಕಟ್ಟಿ ಎಂದು ನನ್ನ ಮುಂದೆ ಹಿಡಿದರು. ಕಟ್ಟಿದೆ. ಒಳಗೆ ಹೊಸ ಚರ್ಮ ಕಂಡಿತು. ಗುಲಾಬಿ ಬಣ್ಣ. ಮಗುವಿನದರಂತೆ ತೆಳು.

"ನೀವು ರೆಂಬೆ ಬಗ್ಗಿಸಿ ಹಿಡೀರಿ. ಬುಟ್ಟಿ ಕೆಳಗೆ ತನ್ನಿ. ಇನ್ನೂ ಕೆಳಗೆ."

ನಾನು ಬಗ್ಗಿಸಿದೆ. ಅವರು ಒಂದೊಂದೇ ಹಣ್ಣನ್ನು ನಾಲ್ಕು ಬೆರಳಲ್ಲಿ ಕಳಚಿದರು. ನೋಡಿದರೆ ನಿಧಾನ, ಬುಟ್ಟಿ ನೋಡಿದರೆ ಬೇಗ. ನಾಲ್ಕು ಬೆರಳಿನ ಅವರಿಗೆ ಹತ್ತು ಬೆರಳಿನ ನಾನು ಸಮ ಬರಲಿಲ್ಲ. ಒಂದು ಗಿಡಕ್ಕೆ ಇಬ್ಬರು, ಬೆನ್ನು ತಿರುಗಿಸದೆ, ನಾಲ್ಕೂವರೆವರೆಗೆ. ನಡುವೆ ಮಾತು ಗಿಡದ್ದೇ. ಒಮ್ಮೆ ಮಾತ್ರ, ಮೂಡಿಗೆರೆಯ ತರಬೇತಿಗೆ ಬರುವ ವರ್ಷ ತಮ್ಮನ್ನೂ ಕಳಿಸುತ್ತಾರಾ ಎಂದು ಕೇಳಿದರು. ತಕ್ಕಡಿಯ ಅಂಕಿ ಓದಲು ಕಲಿತರೆ ಕಳಿಸುತ್ತಾರೆ ಅಂದೆ. ಹೂಂ ಅಂದರು.

ಕಣದಲ್ಲಿ ತೂಗುವವರು ಶೇಷಪ್ಪನವರೇ. ಹೆಂಡತಿಯ ಬುಟ್ಟಿಯೆಂದು ತಕ್ಕಡಿಯ ಮುಳ್ಳಿನ ಮೇಲೆ ಒಂದು ಕೂದಲೆಳೆ ದಯೆ ತೋರಿಸಲಿಲ್ಲ. ಎಲೆ ಹೆಕ್ಕಿಸಿದರು, ನಾನು ಕಿತ್ತ ಹಸಿರು ಕಾಯಿಗಳನ್ನೆಲ್ಲ ಆರಿಸಿ ಬದಿಗಿಡಿಸಿದರು. ಆಮೇಲೆ ತೂಗಿದರು.

ನಲವತ್ತೊಂದೂಕಾಲು. ರೈಟರ್ ತಂಗಮ್ಮ ಎಂದು ಬರೆದುಕೊಂಡರು.

ದಾರಿಯಲ್ಲಿ ತಂಗಮ್ಮ ನನ್ನ ಕೈ ತೋರಿಸಲು ಹೇಳಿದರು. ಬೆರಳ ತುದಿ ಸುಲಿದಿದೆ, ಉಗುರಿನ ಸುತ್ತ ಕಪ್ಪು ಅಂಟು. ಬಗ್ಗಿ ನೋಡಿದರು. "ನಾಳೆ ಉರೀತದೆ. ನಾಡಿದ್ದು ಒಡೀತದೆ. ಆಮೇಲೆ ಕೈ ಅನ್ನಿಸ್ಕೊಳ್ತದೆ" ಅಂದರು.

ಈಗಲೇ ಉರಿಯುತ್ತಿದೆ. ಪೆನ್ನು ನಿಲ್ಲುವುದಿಲ್ಲ. ಇನ್ನು ಐದು ದಿನ.